ಮೇಲ್ ಹಾಕಿದ್ದೀನಿ, ನೋಡಿದ್ರಾ?

ಒಂದು ಪ್ರಶ್ನೆ ಕೇಳ್ತೀನಿ, ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ ಅಂತ ನೋಡ್ಕೊಂಡು ಉತ್ತರ ಹೇಳಿ. ಆಫೀಸಿನ ಮೇಲ್ ಕಳಿಸಿದ ತಕ್ಷಣ ನೀವು ಮಾಡೋ ಮೊದಲ ಕೆಲಸ ಏನು? ಫೋನ್ ಎತ್ಕೊಂಡು, ‘ಸಾರ್, ಒಂದು ಮೇಲ್ ಹಾಕಿದ್ದೀನಿ, ನೋಡಿದ್ರಾ?’ ಅನ್ನೋದು ತಾನೇ? ಆ ಕಡೆಯವರು ‘ಅಯ್ಯೋ ಹೊರಗಡೆ ಇದ್ದೀನಿ, ಅದನ್ನೇ ಸ್ವಲ್ಪ ವಾಟ್ಸಾಪ್ ಮಾಡ್ಬಿಡಿ’ ಅಂದಿರ್ತಾರೆ. ನೀವು ಮಾಡಿಯೂ ಇರ್ತೀರಿ.

ಅಂದ್ರೆ ತಲೆಗಿಷ್ಟು ಅಂತ ತಿಂಗಳು ತಿಂಗಳು ದುಡ್ಡು ಕಟ್ಟಿ ಕಂಪನಿ ತಗೊಂಡಿರೋ ಕ್ಲೌಡ್ ಮೇಲ್ ಒಂದು ಕಡೆ, ಪುಕ್ಕಟೆ ವಾಟ್ಸಾಪ್ ಇನ್ನೊಂದು ಕಡೆ, ಮಧ್ಯದಲ್ಲಿ ನಿಮ್ಮ ಗಂಟಲು. ಒಂದೇ ಪಿಡಿಎಫ್‌ಗೆ ಮೂರು ಮೆರವಣಿಗೆ. (ನಾಲ್ಕನೆಯದು ಪ್ರಿಂಟು. ಅದಕ್ಕೆ ಆಮೇಲೆ ಬರ್ತೀನಿ, ಅವಸರ ಬೇಡ.)

ಗೇಲಿ ಮಾಡ್ತಿದ್ದೀನಿ ಅನ್ಕೋಬೇಡಿ. (ಮಾಡ್ತಿದ್ದೀನಿ. ಆದ್ರೂ ಅನ್ಕೋಬೇಡಿ.) ನಿಮ್ಮ ಆಫೀಸಿಗೆ ಈ ಸೌಭಾಗ್ಯ ಬಂದಿದ್ದು ಹೇಗೆ, ನೆನಪಿದೆಯಾ? ಮೊದಲು ಬಾಗಿಲ ಮೇಲಿನ ಬೋರ್ಡಿನಲ್ಲಿ ಅರ್ಧ ಅಡಿ ಅಕ್ಷರದಲ್ಲಿ ಕಂಪನಿ ಹೆಸರು, ಅದರ ಕೆಳಗೆ ಎಂ.ಡಿ. ಸಾರ್ ಮಗಳ ಹೆಸರೂ ಹುಟ್ಟಿದ ವರ್ಷವೂ ಸೇರಿದ ಒಂದು ಯಾಹೂ ಅಡ್ರೆಸ್ಸು. ಅದರಲ್ಲೇ ಕೊಟೇಶನ್, ಅದರಲ್ಲೇ ಜಿಎಸ್‌ಟಿ ನೋಟೀಸು, ಅದರಲ್ಲೇ ಮಗಳ ಸಿಇಟಿ ಹಾಲ್ ಟಿಕೆಟ್ಟು.

ಒಂದು ದಿನ ಯಾವುದೋ ದೊಡ್ಡ ಫ್ಯಾಕ್ಟರಿಯ ಪರ್ಚೇಸ್ ಮ್ಯಾನೇಜರ್ ‘ಕಂಪನಿ ಹೆಸರಿನ ಮೇಲ್ ಐಡಿ ಇಲ್ದೇ ವೆಂಡರ್ ರಿಜಿಸ್ಟ್ರೇಶನ್ ಆಗಲ್ಲ’ ಅಂದ್ಬಿಟ್ಟ. ಅವತ್ತು ಸಂಜೆಯೇ ಎಂ.ಡಿ. ಸಾರ್ ತಮ್ಮ ಭಾಮೈದನನ್ನ ಕರೆಸಿದ್ರು. (ಪ್ರತಿ ಕಂಪನಿಗೂ ಕಂಪ್ಯೂಟರ್ ಗೊತ್ತಿರೋ ಒಬ್ಬ ಭಾಮೈದ ಇರ್ತಾನೆ. ಇಲ್ದಿದ್ರೆ ತಂಗಿ ಮಗ.) ಅವನು ಡೊಮೇನ್ ಕೊಂಡ, ಗೂಗಲ್ಲೋ ಮೈಕ್ರೋಸಾಫ್ಟೋ ಜೋಹೋನೋ ಒಂದನ್ನ ಹಿಡಿದ, ಎಂಎಕ್ಸ್ ರೆಕಾರ್ಡ್ ಅಂತ ಏನೋ ಬದಲಾಯಿಸಿದ, ಮಸಾಲೆ ದೋಸೆ ತಿಂದು ಹೋದ.

ಆ ಎಂಎಕ್ಸ್ ರೆಕಾರ್ಡಿದೆಯಲ್ಲ, ಇಡೀ ಆಟದ ಜೀವ ಅದರಲ್ಲಿದೆ. ‘ಈ ಕಂಪನಿ ಹೆಸರಿಗೆ ಬರೋ ಟಪಾಲನ್ನೆಲ್ಲ ಇಂಥವರ ಬಾಗಿಲಿಗೆ ಹಾಕಿ’ ಅಂತ ಲೋಕಕ್ಕೆಲ್ಲ ಹೇಳೋ ಒಂದೇ ಒಂದು ಸಾಲು ಅದು. ನಾಳೆ ಗೂಗಲ್ ಬಿಟ್ಟು ಜೋಹೋಗೆ ಹೋದ್ರೂ ಅಡ್ರೆಸ್ ಅದೇ ಇರತ್ತೆ, ಬಾಗಿಲು ಮಾತ್ರ ಬೇರೆ. ಕೇಂದ್ರ ಸರ್ಕಾರ ಮಾಡಿದ್ದೂ ಇದನ್ನೇ. ಸುಮಾರು 12 ಲಕ್ಷ ನೌಕರರ ಮೇಲ್ ಜೋಹೋಗೆ ಹೋಯ್ತು, ‘ಗವ್ ಡಾಟ್ ಇನ್’ ಅನ್ನೋ ಬಾಲ ಮಾತ್ರ ಅಲ್ಲಾಡಲಿಲ್ಲ.

ಕ್ಲೌಡ್ ಅಂದಾಕ್ಷಣ ತಲೆ ಎತ್ತಿ ನೋಡ್ಬೇಡಿ. ಅದು ಇರೋದು ನೆಲದ ಮೇಲೇ, ದೊಡ್ಡ ದೊಡ್ಡ ಎ.ಸಿ. ಕಟ್ಟಡಗಳಲ್ಲಿ. ನಮ್ಮ ದೇಶದಲ್ಲೇ ಜೋಹೋಗೆ ಮುಂಬೈ, ಚೆನ್ನೈನಲ್ಲಿ ಇದೆ. ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈ, ಮುಂಬೈ. ಗೂಗಲ್‌ಗೆ ಮುಂಬೈ ಮತ್ತೆ ದೆಹಲಿ ಕಡೆ. ಮೊದಲು ಆ ‘ಕ್ಲೌಡ್’ ಎಲ್ಲಿತ್ತು ಗೊತ್ತಲ್ಲ? ಯಾಹೂ ಸಾಲದು ಅಂದ ಆಫೀಸುಗಳಲ್ಲಿ ಅಕೌಂಟ್ಸ್ ಸೆಕ್ಷನ್ನಿನ ಟೇಬಲ್ ಕೆಳಗಿತ್ತು.

ಹೌದು, ಆ ಸರ್ವರ್ರು! ಕೆಇಬಿಯವರು ಕರೆಂಟ್ ತೆಗೆದ್ರೆ ಯುಪಿಎಸ್ ಕೂಗೋದು, ಹತ್ತು ನಿಮಿಷಕ್ಕೆ ಅದೂ ಸುಸ್ತಾಗೋದು, ಕಂಪನಿಯ ಪತ್ರವ್ಯವಹಾರ ಅಲ್ಲಿಗೆ ಮುಗೀತು. ಕಸ ಗುಡಿಸೋಕೆ ಬಂದವರು ಪ್ಲಗ್ ಕಿತ್ತಿದ್ದಕ್ಕೇ ಎಷ್ಟು ಟೆಂಡರ್ ತಪ್ಪಿವೆಯೋ. ಕ್ಲೌಡ್ ಬಂದ ಮೇಲೆ ಅಂಥವರಿಂದ ಆ ನೆಪ ಕಿತ್ಕೊಂಡ್ಬಿಟ್ರು ಪಾಪ.

(ಪೂರ್ತಿ ಕಿತ್ಕೊಂಡಿಲ್ಲ ಬಿಡಿ. 2020ರ ಡಿಸೆಂಬರ್ 14, ಸೋಮವಾರ, ಸಂಜೆ ಐದೂಕಾಲರಿಂದ ಸುಮಾರು ಮುಕ್ಕಾಲು ಗಂಟೆ ಜಗತ್ತಿನಾದ್ಯಂತ ಗೂಗಲ್‌ನ ಸೇವೆಗಳೇ ಮಲಗಿದ್ವು. ಆ ಮುಕ್ಕಾಲು ಗಂಟೆಯಲ್ಲಿ ಕಳೆದುಹೋದ ಮೇಲ್‌ಗಳ ಲೆಕ್ಕ ಕೇಳಿದ್ರೆ ಇಡೀ ವರ್ಷದ್ದು ಸಿಗತ್ತೆ. ನೀವೂ ಒಂದೆರಡು ಸೇರಿಸಿದ್ರಿ ತಾನೇ?)

ಪುಕ್ಕಟೆ ಮೇಲ್‌ನ ರುಚಿ ಹತ್ತಿಸಿದ್ದರಲ್ಲಿ ನಮ್ಮ ಊರಿನ ಪಾಲೂ ಇದೆ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದ್ರು. ಮಾರನೇ ವರ್ಷವೇ ಮೈಕ್ರೋಸಾಫ್ಟ್ ಅದನ್ನ ಕೊಂಡ್ಕೊಳ್ತು. ಆಮೇಲೆ 2004ರ ಏಪ್ರಿಲ್ ಒಂದರಂದು ಜಿಮೇಲ್ ಬಂತು, ಒಬ್ಬೊಬ್ಬರಿಗೆ ಒಂದು ಜಿಬಿ ಜಾಗ ಅಂದ್ರು. ಬೇರೆಯವರು ಎರಡು ಎಂಬಿ, ನಾಲ್ಕು ಎಂಬಿ ಕೊಡ್ತಿದ್ದ ಕಾಲ. ಏಪ್ರಿಲ್ ಫೂಲ್ ಅಂತಲೇ ಎಷ್ಟೋ ಜನ ಅಂದ್ಕೊಂಡ್ರು.

2006ರಲ್ಲಿ ಗೂಗಲ್ ‘ನಿಮ್ಮದೇ ಡೊಮೇನ್ ತನ್ನಿ, ಮೇಲ್ ನಾವು ನೋಡ್ಕೋತೀವಿ’ ಅಂತ, ಅದನ್ನೂ ಪುಕ್ಕಟೆ ಕೊಡ್ತು. 2012ರ ಡಿಸೆಂಬರ್‌ನಲ್ಲಿ ಹೊಸಬರಿಗೆ ಆ ಬಾಗಿಲು ಮುಚ್ಚಿತು. ಅಲ್ಲಿಂದಾಚೆಗೆ ಶುರುವಾಗಿದ್ದೇ ತಲೆ ಎಣಿಸೋ ಕೆಲಸ. ನಿಮ್ಮ ಎಂ.ಡಿ. ಸಾರ್ ಅದರಲ್ಲಿ ಪಳಗಿದವರು.

ಆಫೀಸಿನಲ್ಲಿ ನಲವತ್ತು ಜನ. ಐಡಿ ಎಷ್ಟು? ಐದು. ಎಂ.ಡಿ., ಎಂ.ಡಿ. ಮೇಡಂ (ಅವರು ಆಫೀಸಿಗೆ ಆಯುಧಪೂಜೆಗೆ ಮಾತ್ರ ಬರ್ತಾರೆ), ಅಕೌಂಟ್ಸ್, ಸೇಲ್ಸ್, ಇನ್ಫೋ. ಸೇಲ್ಸ್‌ನ ಏಳು ಜನಕ್ಕೂ ಸೇರಿ ಒಂದೇ ಐಡಿ, ಒಂದೇ ಪಾಸ್‌ವರ್ಡ್. ಆ ಪಾಸ್‌ವರ್ಡ್ ನಾನು ಹೇಳ್ಲಾ? ಕಂಪನಿ ಹೆಸರು, ಅಟ್, ಒಂದು ಎರಡು ಮೂರು. ಮಾನಿಟರ್‌ಗೆ ಹಳದಿ ಚೀಟಿ ಅಂಟಿಸಿದ್ದೀರಿ, ಇಲ್ವಾ? ಮೊದಲಕ್ಷರ ದೊಡ್ಡದು ಅಂತ ಬ್ರಾಕೆಟ್ಟಿನಲ್ಲಿ ಬೇರೆ ಬರೆದಿದ್ದೀರಿ.

ಏಳು ಜನ ನೋಡೋ ಇನ್‌ಬಾಕ್ಸು ಮದುವೆ ಮನೆಯ ಸಾರಿದ್ದಂತೆ. ಉಪ್ಪು ಅವನು ಹಾಕಿರ್ತಾನೆ ಅಂತ ಇವನು, ಇವನು ಹಾಕಿರ್ತಾನೆ ಅಂತ ಅವನು, ಪಂಕ್ತಿ ಕೂತ ಮೇಲೇ ಗೊತ್ತಾಗೋದು. ಆರ್ಡರ್ ಬಂದಿತ್ತು, ಯಾರೋ ತೆಗೆದು ನೋಡಿದ್ರು, ಅದು ‘ಓದಿದ್ದು’ ಅಂತ ತೆಳ್ಳಗಾಯ್ತು, ಮಿಕ್ಕ ಆರು ಜನ ‘ಸರಿ, ಯಾರೋ ನೋಡ್ಕೊಂಡಿದ್ದಾರೆ’ ಅಂದ್ಕೊಂಡ್ರು. ಯಾರು ಅಂತ ಕೇಳಿ ನೋಡಿ. ಏಳು ಜನವೂ ಸೀಲಿಂಗ್ ಫ್ಯಾನ್ ನೋಡ್ತೀರಿ.

ತಮಾಷೆ ಏನು ಗೊತ್ತಾ? ಇನ್ಫೋ, ಅಕೌಂಟ್ಸ್, ಸೇಲ್ಸ್ ಅನ್ನೋ ಹೆಸರುಗಳಿಗೆ ದುಡ್ಡೇ ಕೊಡಬೇಕಾಗಿಲ್ಲ. ಗೂಗಲ್‌ನಲ್ಲಿ ಒಬ್ಬ ಮನುಷ್ಯನ ಐಡಿಗೆ ಅಡ್ಡಹೆಸರು ಅಂತ 30ರವರೆಗೆ ಪುಕ್ಕಟೆ ಸೇರಿಸಬಹುದು. ಮೈಕ್ರೋಸಾಫ್ಟ್‌ನಲ್ಲಿ ಶೇರ್ಡ್ ಮೇಲ್‌ಬಾಕ್ಸ್ ಅಂತಿದೆ, 50 ಜಿಬಿವರೆಗೆ ಅದಕ್ಕೆ ಬೇರೆ ಲೈಸೆನ್ಸೇ ಬೇಡ. ದುಡ್ಡು ಕೊಡಬೇಕಾಗಿರೋದು ಮನುಷ್ಯರಿಗೆ. ನೀವು ಹೆಸರಿಗೆ ದುಡ್ಡು ಕೊಟ್ಟು ಮನುಷ್ಯರನ್ನ ಪುಕ್ಕಟೆ ಬಿಟ್ಟಿದ್ದೀರಿ.

ಆದ್ರೆ ಎಲ್ಲಾ ತಪ್ಪೂ ಎಂ.ಡಿ. ಸಾರ್ ತಲೆಗೆ ಕಟ್ಟಬೇಡಿ. ಪ್ರತಿಯೊಬ್ಬರಿಗೂ ಒಂದೊಂದು ಐಡಿ ಕೊಡ್ತೀನಿ ಅಂದ ದಿನ ಮೊದಲು ಮುಖ ಸಪ್ಪಗೆ ಮಾಡಿದ್ದು ಯಾರು? ನೀವೇ. ಏನಕ್ಕೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಸ್ವಂತ ಐಡಿ ಬಂದ್ರೆ ‘ನನಗೆ ಬಂದೇ ಇಲ್ಲ’ ಅನ್ನೋ ಹಾಗಿಲ್ಲ. ಯಾವಾಗ ಬಂತು, ಯಾವಾಗ ಲಾಗಿನ್ ಆದ್ರಿ, ಎಲ್ಲಿಂದ ಆದ್ರಿ, ಎಲ್ಲಾ ಅಡ್ಮಿನ್ ಕೈಯಲ್ಲಿ.

ಅದಕ್ಕೇ ಸ್ವಂತ ಐಡಿ ಬಂದವರು ಬೇರೆ ದಾರಿ ಕಂಡ್ಕೊಂಡ್ರಿ. ಸಿಸಿ! ಹತ್ತು ಡಜನ್ ಬೋಲ್ಟ್ ಬೇಕು ಅನ್ನೋ ಮೇಲ್‌ಗೆ ಸ್ಟೋರ್ಸ್ ಇನ್‌ಚಾರ್ಜ್ ಒಬ್ಬರು ಸಾಕು. ನೀವು ಅವರ ಬಾಸ್, ಅವರ ಬಾಸಿನ ಬಾಸ್, ನಿಮ್ಮ ಬಾಸ್, ಎಚ್‌ಆರ್, ಎಂ.ಡಿ. ಸಾರ್, ಎಲ್ಲರನ್ನೂ ಸಿಸಿಯಲ್ಲಿ ಸಾಲಾಗಿ ಕೂರಿಸ್ತೀರಿ. ಬೋಲ್ಟ್ ಬರಲಿ ಅಂತಲ್ಲ. ಬರದಿದ್ರೆ ‘ನಾನು ಅವತ್ತೇ ಮೇಲ್ ಹಾಕಿದ್ದೆ’ ಅನ್ನೋಕೆ ಸಾಕ್ಷಿಗಳು ಬೇಕಲ್ಲ.

ಈಗ ಆ ಸಾಕ್ಷಿಗಳಲ್ಲೊಬ್ಬ ‘ನೋಟೆಡ್’ ಅಂತ ರಿಪ್ಲೈ ಆಲ್ ಒತ್ತುತ್ತಾನೆ. ಇನ್ನೊಬ್ಬ ‘ಥ್ಯಾಂಕ್ಸ್’. ಮೂರನೆಯವನು ‘ದಯವಿಟ್ಟು ಎಲ್ಲರಿಗೂ ರಿಪ್ಲೈ ಮಾಡಬೇಡಿ’ ಅಂತ ಎಲ್ಲರಿಗೂ ರಿಪ್ಲೈ ಮಾಡ್ತಾನೆ. (ಆ ಮೂರನೆಯವರು ನೀವೇನಾ? ನನಗೆ ಅನುಮಾನ ಇತ್ತು.)

ಕುಗ್ಗಬೇಡಿ, ದೊಡ್ಡವರೂ ಬಿದ್ದಿದ್ದಾರೆ. 1997ರಲ್ಲಿ ಮೈಕ್ರೋಸಾಫ್ಟ್‌ನಲ್ಲೇ, ಅಂದ್ರೆ ಆಫೀಸ್ ಮೇಲ್‌ನ ಸಾಫ್ಟ್‌ವೇರ್ ಮಾರೋರ ಮನೇಲೇ, ಸಾವಿರಾರು ಜನ ಇದ್ದ ಒಂದು ಪಟ್ಟಿಗೆ ಒಬ್ಬರು ‘ನನ್ನನ್ನ ಈ ಪಟ್ಟಿಯಿಂದ ತೆಗೀರಿ’ ಅಂತ ಬರೆದ್ರು. ‘ನನ್ನನ್ನೂ’ ಅಂತ ಇನ್ನೊಬ್ಬರು. ‘ನನ್ನನ್ನೂ, ನನ್ನನ್ನೂ’ ಅಂತ ಊರೆಲ್ಲ. ಸುಮಾರು ಒಂದು ಗಂಟೆಯಲ್ಲಿ ಒಂದೂವರೆ ಕೋಟಿ ಮೇಲ್ ಓಡಾಡಿ ಸರ್ವರ್‌ಗಳು ಕುಸಿದ್ವು. ಆ ಪಟ್ಟಿಯ ಹೆಸರು ಬೆಡ್‌ಲಾಮ್. ಬದುಕಿ ಉಳಿದವರು ಅದರ ಟೀ ಶರ್ಟ್ ಹಾಕ್ಕೊಂಡು ತಿರುಗಿದ್ರು.

2016ರ ನವೆಂಬರ್‌ನಲ್ಲಿ ಬ್ರಿಟನ್ನಿನ ಆರೋಗ್ಯ ಸೇವೆಯವರ ಸರದಿ. ಯಾರೋ ಕಳಿಸಿದ ಒಂದು ಟೆಸ್ಟ್ ಮೇಲ್ 8 ಲಕ್ಷಕ್ಕೂ ಮೀರಿದ ಜನಕ್ಕೆ ಹೋಯ್ತು. ಡಾಕ್ಟರು, ನರ್ಸುಗಳು ಸೇರಿ ಶುರು ಮಾಡಿದ್ರು ನೋಡಿ, ‘ನನಗ್ಯಾಕೆ ಕಳಿಸಿದ್ರಿ’ ಅಂತ ರಿಪ್ಲೈ ಆಲ್. ನಿಮ್ಮ ಆಫೀಸಿನಲ್ಲಿರೋದು ನಲವತ್ತೇ ಜನ ಅಂತ ದೇವರಿಗೊಂದು ಕಾಯಿ ಒಡೀರಿ.

ಶೆಡ್ಯೂಲ್ ಸೆಂಡ್ ಬಗ್ಗೆ ಮಾತಾಡೋಣ್ವಾ, ಬೇಡ್ವಾ? ಜಿಮೇಲ್‌ನಲ್ಲಿ ಅದು ಬಂದಿದ್ದು 2019ರಲ್ಲಿ. ಸಂಜೆ ನಾಲ್ಕಕ್ಕೆ ಮೇಲ್ ಬರೆದು, ರಾತ್ರಿ 11:40ಕ್ಕೆ ಹೋಗೋ ಹಾಗೆ ಇಟ್ಟು, ನೀವು ಒಂಬತ್ತೂವರೆಗೆಲ್ಲ ಗೊರಕೆ ಹೊಡೀತಿರ್ತೀರಿ. ಬೆಳಿಗ್ಗೆ ಬಾಸ್ ‘ಪಾಪ, ಎಷ್ಟು ಹೊತ್ತಿನವರೆಗೆ ಕೆಲಸ ಮಾಡ್ತಾರೆ’ ಅಂದ್ಕೋಬೇಕು. ಬಾಸ್ ಏನು ಕಮ್ಮಿನಾ? ಅವರು ಬೆಳಿಗ್ಗೆ 5:10ಕ್ಕೆ ಇಟ್ಟಿರ್ತಾರೆ. ಇಬ್ಬರೂ ಮಲಗಿದ್ದಾಗ ಪತ್ರವ್ಯವಹಾರ ಜೋರಾಗಿ ನಡೀತಿರತ್ತೆ.

ಪ್ರಿಂಟಿನ ವಿಷಯ ಹೇಳ್ತೀನಿ ಅಂದಿದ್ದೆ. ಬಂದ ಮೇಲನ್ನ ಪ್ರಿಂಟ್ ಹಾಕಿ, ‘ರಿಸೀವ್ಡ್’ ಅಂತ ಸೀಲ್ ಹೊಡೆದು, ಇನ್‌ವರ್ಡ್ ನಂಬರ್ ಕೊಟ್ಟು, ಬಾಕ್ಸ್ ಫೈಲಿಗೆ ಹಾಕಿ, ಆ ಫೈಲನ್ನ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ತೀರಿ. ಹೆಚ್ಚು ಹೇಳಲ್ಲ.

ಈಗ ಸ್ವಲ್ಪ ಹತ್ತಿರ ಬನ್ನಿ, ಮೆಲ್ಲಗೆ ಹೇಳಬೇಕಾದ ವಿಷಯ. ನಿಮ್ಮ ಹೆಸರಿದೆ ಅಂತ ಆ ಇನ್‌ಬಾಕ್ಸ್ ನಿಮ್ಮದು ಅಂದ್ಕೊಂಡಿದ್ದೀರಲ್ಲ? ಅಲ್ಲ ಸ್ವಾಮಿ. ಅದು ಕುರ್ಚಿಯದು. ಅಡ್ಮಿನ್ ಅನ್ನೋ ಮನುಷ್ಯ (ಬಹಳ ಕಡೆ ಅದು ಅಕೌಂಟ್ಸ್ ಮೇಡಮ್ಮೇ) ನಿಮ್ಮ ಪಾಸ್‌ವರ್ಡ್ ಬದಲಾಯಿಸಬಹುದು, ಅಕೌಂಟ್ ನಿಲ್ಲಿಸಬಹುದು, ದೊಡ್ಡ ಪ್ಲಾನ್ ಇದ್ರೆ ನೀವು ಡಿಲೀಟ್ ಮಾಡಿದ್ದನ್ನೂ ಹುಡುಕಿ ತೆಗೀಬಹುದು.

ಹಾಗಿದ್ದೂ ಆ ಐಡಿಯನ್ನ ನೀವು ಎಲ್ಲೆಲ್ಲಿ ಕೊಟ್ಟಿದ್ದೀರಿ, ಬೆರಳು ಮಡಚಿ. ಬ್ಯಾಂಕಿಗೆ ಕೊಟ್ಟಿದ್ದೀರಿ. ಎಲ್‌ಐಸಿಗೆ ಕೊಟ್ಟಿದ್ದೀರಿ. ಮಗಳ ಸ್ಕೂಲಿಗೆ, ತಮ್ಮನಿಗೆ ಹೆಣ್ಣು ಹುಡುಕೋ ಮ್ಯಾಟ್ರಿಮನಿಗೆ. (ಹೆಣ್ಣಿನ ಕಡೆಯವರು ಫೋಟೋ ಕಳಿಸಿದ್ದು ಅಕೌಂಟ್ಸ್ ಮೇಡಂ ನಿಮಗಿಂತ ಮೊದಲು ನೋಡಿದ್ರೆ ಗತಿ?) ಇನ್ನು ಬೇರೆ ಕಂಪನಿಗೆ ರೆಸ್ಯೂಮ್ ಕಳಿಸೋಕೂ ಇದೇ ಐಡಿ ಬಳಸಿದ ಧೀರರಿದ್ದಾರೆ. ನಿಮ್ಮ ಹೆಸರು ಹೇಳಲ್ಲ ಬಿಡಿ.

ಕೆಲಸ ಬಿಟ್ಟ ದಿನ ಸಂಜೆ ಆರಕ್ಕೆ ಅಕೌಂಟ್ ಬಂದ್. ರಾತ್ರಿ ಬ್ಯಾಂಕಿನ ಸ್ಟೇಟ್‌ಮೆಂಟ್ ಆ ಸತ್ತ ಐಡಿಗೆ ಬರತ್ತೆ. ಗೂಗಲ್‌ನಲ್ಲಿ ಅಡ್ಮಿನ್ ಒಬ್ಬರ ಅಕೌಂಟ್ ಅಳಿಸಿದ್ರೆ ವಾಪಸ್ ತರೋಕೆ 20 ದಿನ ಟೈಮ್ ಇರತ್ತೆ, ಮೈಕ್ರೋಸಾಫ್ಟ್‌ನಲ್ಲಿ 30. ನೀವು ಜಗಳ ಆಡ್ಕೊಂಡು ಬಿಟ್ಟಿದ್ರೆ ಆ ದಿನಗಳಲ್ಲಿ ಮೇಡಂಗೆ ಫೋನ್ ಮಾಡೋ ಮುಖ ಇರತ್ತಾ?

ಎಂ.ಡಿ. ಸಾರ್, ನೀವು ನಗಬೇಡಿ. ನಿಮ್ಮದು ಇದರ ಉಲ್ಟಾ. ಐಡಿ ಉಳಿಸೋಕೆ ಅಂತ ಸೇಲ್ಸ್ ಹುಡುಗನಿಗೆ ‘ನಿನ್ನ ಜಿಮೇಲ್‌ನಲ್ಲೇ ಕಳಿಸಪ್ಪ’ ಅಂದ್ರಿ. ಅವನು ವರ್ಷಗಟ್ಟಲೆ ಅದರಲ್ಲೇ ಕೊಟೇಶನ್ ಕಳಿಸಿದ, ಗಿರಾಕಿಗಳೆಲ್ಲ ಅದಕ್ಕೇ ಬರೆದ್ರು. ಆಮೇಲೆ ಎದುರು ಅಂಗಡಿಗೆ ಸೇರ್ಕೊಂಡ. ಜಿಮೇಲ್ ಅವನದ್ದು, ಕಾಗದ ಪತ್ರ ಅವನ ಜೊತೆ, ಗಿರಾಕಿಗಳೂ ಅವನ ಜೊತೆ. ತಿಂಗಳಿಗೆ ಒಂದೆರಡು ಊಟದ ದುಡ್ಡು ಉಳಿಸಿದ್ರಿ.

ಇನ್ನು ಆ ಭಾಮೈದ ಎಲ್ಲಿದ್ದಾನೆ ಈಗ? ಕೆನಡಾದಲ್ಲಿ. ಡೊಮೇನ್ ಯಾರ ಹೆಸರಿನಲ್ಲಿದೆ? ಅವನ ಹೆಸರಿನಲ್ಲಿ. ರಿನ್ಯೂವಲ್ ನೋಟೀಸ್ ಎಲ್ಲಿಗೆ ಹೋಗತ್ತೆ? ಅವನು ಕಾಲೇಜಿನಲ್ಲಿದ್ದಾಗ ಮಾಡ್ಕೊಂಡಿದ್ದ ಐಡಿಗೆ. ಡೊಮೇನ್ ಅವಧಿ ಮುಗಿದ ಮೇಲೆ ಎಂಎಕ್ಸ್ ರೆಕಾರ್ಡ್ ಮಾಯ, ಮೇಲ್ ಮಾಯ. ಗೂಗಲ್‌ಗೆ ವರ್ಷದ ದುಡ್ಡು ಮುಂಗಡ ಕಟ್ಟಿದ್ರೂ ಪ್ರಯೋಜನ ಇಲ್ಲ.

ಇದೂ ಬಡವರಿಗೆ ಮಾತ್ರ ಆಗೋದಲ್ಲ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಡೊಮೇನ್ ರಿನ್ಯೂ ಮಾಡೋದು ಮರೀತು. ಹಾಟ್‌ಮೇಲ್‌ಗೆ ಲಾಗಿನ್ ಆಗೋಕೆ ಅದೇ ಬಾಗಿಲು. ಜನ ಹೊರಗೇ ನಿಂತ್ರು. ಅಮೆರಿಕದ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ಕ್ರಿಸ್‌ಮಸ್ ದಿನ ತನ್ನ ಕ್ರೆಡಿಟ್ ಕಾರ್ಡಿನಿಂದ 35 ಡಾಲರ್ ಕಟ್ಟಿ ಬಿಡಿಸಿದ. ನಿಮ್ಮ ಡೊಮೇನ್‌ಗೆ ಕಟ್ಟೋಕೆ ಯಾವ ಪುಣ್ಯಾತ್ಮ ಬರ್ತಾನೆ?

ಒಟಿಪಿ ಕಥೆಯೂ ಇದೇ. ಲಾಗಿನ್ ಆಗೋಕೆ ಎರಡನೇ ಬೀಗ ಹಾಕಿದ್ದೀರಿ, ಭೇಷ್. ಅದರ ಒಟಿಪಿ ಎಂ.ಡಿ. ಸಾರ್ ಫೋನಿಗೆ. ಎಂ.ಡಿ. ಸಾರ್ ಧರ್ಮಸ್ಥಳದಲ್ಲಿ ದರ್ಶನದ ಸಾಲಿನಲ್ಲಿ. ಫೋನ್ ಡ್ರೈವರ್ ಹತ್ರ, ಡ್ರೈವರ್ ಊಟಕ್ಕೆ. ಇಲ್ಲಿ ಟೆಂಡರ್ ಮುಗಿಯೋಕೆ ಇಪ್ಪತ್ತು ನಿಮಿಷ ಇದೆ. ಮಂಜುನಾಥನೇ ಗತಿ.

ಇಷ್ಟು ಹೊತ್ತು ಫೋನ್ ಮಾಡ್ತೀರಿ ಅಂತ ಕಾಲೆಳೆದೆನಲ್ಲ, ಒಂದು ಕಡೆ ಮಾತ್ರ ನಿಮ್ಮ ಆ ಅಭ್ಯಾಸಕ್ಕೆ ನನ್ನ ಸಲಾಂ. ಹಳೇ ಸಪ್ಲೈಯರ್ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಮುಂದಿನ ಪೇಮೆಂಟ್ ಇದಕ್ಕೆ ಹಾಕಿ’ ಅಂತ ಮೇಲ್ ಬಂತು ಅನ್ಕೊಳ್ಳಿ. ಅದೇ ಲೋಗೋ, ಅದೇ ಸಹಿ, ಅಡ್ರೆಸ್ಸಿನಲ್ಲಿ ಇಂಗ್ಲಿಷಿನ ‘ಎಲ್’ ಇರಬೇಕಾದ ಕಡೆ ಒಂದು ಅನ್ನೋ ಅಂಕಿ ಕೂತಿರತ್ತೆ. ನಿಮ್ಮ ಕನ್ನಡಕಕ್ಕೆ ಎರಡೂ ಒಂದೇ.

ಆಗ ಫೋನ್ ಮಾಡಿ. ಆ ಮೇಲ್‌ನಲ್ಲಿರೋ ನಂಬರಿಗಲ್ಲ, ನಿಮ್ಮ ಹತ್ರ ಮೊದಲಿಂದ ಇರೋ ನಂಬರಿಗೆ. ದುಡ್ಡು ಆಗಲೇ ಹೋಗಿದ್ರೆ ತಲೆ ಮೇಲೆ ಕೈ ಹೊತ್ಕೊಂಡು ಕೂರೋ ಮೊದಲು 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು. ಎಷ್ಟು ಬೇಗ ಮಾಡಿದ್ರೆ ದುಡ್ಡು ತಡೆಹಿಡಿಯೋ ಅವಕಾಶ ಅಷ್ಟು ಜಾಸ್ತಿ.

ಇದೇ ಕಳ್ಳರು ನಿಮ್ಮ ಹೆಸರಿನಲ್ಲೂ ಬರೀತಾರೆ. ಅದನ್ನ ತಡೆಯೋಕೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ದಾಖಲೆ ಡೊಮೇನ್‌ನಲ್ಲಿ ಬರೆಸಬೇಕು. ‘ನಮ್ಮ ಹೆಸರಿನಲ್ಲಿ ಕಳಿಸೋಕೆ ಇಂಥವರಿಗೆ ಮಾತ್ರ ಹಕ್ಕು, ಮಿಕ್ಕವರನ್ನ ನಂಬಬೇಡಿ’ ಅಂತ ಅದರ ಸಾರಾಂಶ. ಅದಿಲ್ಲದಿದ್ರೆ ನಿಮ್ಮ ಅಸಲಿ ಬಿಲ್ಲೇ ಗಿರಾಕಿಯ ಸ್ಪ್ಯಾಮ್‌ಗೆ ಹೋಗಿ ಬೀಳೋದೂ ಉಂಟು. (ಭಾಮೈದ ದೋಸೆ ತಿನ್ನೋ ಗಡಿಬಿಡಿಯಲ್ಲಿ ಅದನ್ನ ಬಿಟ್ಟಿದ್ದಾನೆ, ಬೇಕಾದ್ರೆ ನೋಡಿ.)

ಕೆನಡಾಕ್ಕೆ ಇವತ್ತು ರಾತ್ರಿಯೇ ಒಂದು ವಿಡಿಯೋ ಕಾಲ್ ಹಚ್ಚಿ. ಮಗು ಹೇಗಿದೆ, ಸ್ನೋ ಬಿತ್ತಾ ಅಂತ ಕೇಳಿ, ಆಮೇಲೆ ಡೊಮೇನ್ ಕಂಪನಿ ಹೆಸರಿಗೆ ಮಾಡಿಸ್ಕೊಳ್ಳಿ. ಅಡ್ಮಿನ್ ಕೀಲಿ ಇಬ್ಬರ ಹತ್ರ ಇರಲಿ, ಒಬ್ಬರು ಧರ್ಮಸ್ಥಳಕ್ಕೆ ಹೋದ್ರೂ ಇನ್ನೊಬ್ಬರು ಊರಲ್ಲಿರ್ತಾರೆ. ಬ್ಯಾಂಕು, ಎಲ್‌ಐಸಿ, ಮ್ಯಾಟ್ರಿಮನಿ, ಮೂರನ್ನೂ ಆಫೀಸಿನದಲ್ಲದ ನಿಮ್ಮದೇ ಐಡಿಗೆ ಸಾಗಿಸಿ. ಹಳದಿ ಚೀಟಿ ಕಿತ್ತು ಹರೀರಿ.

ಸಿಸಿ ಚಟ, ರಿಪ್ಲೈ ಆಲ್ ಚಟ ಇಷ್ಟರಿಂದ ಹೋಗಲ್ಲ, ಗೊತ್ತು. ಅದಕ್ಕೆ ನನ್ನ ಹತ್ರ ಇರೋದು ಒಂದೇ ಉಪಾಯ. ಜಿಮೇಲ್ ಆದ್ರೆ ಮೇಲ್ಗಡೆ ಬಲಕ್ಕೆ ಹಲ್ಲಿನ ಚಕ್ರ ಒತ್ತಿ ಪೂರ್ತಿ ಸೆಟ್ಟಿಂಗ್ಸ್ ತೆಗೀರಿ. ‘ಅನ್‌ಡೂ ಸೆಂಡ್’ ಅಂತಿರತ್ತೆ, ಕಳಿಸಿದ್ದನ್ನ ವಾಪಸ್ ಹಿಡಿಯೋಕೆ ಇರೋ ಟೈಮು. ನೀವು ಮುಟ್ಟದೇ ಬಿಟ್ಟಿದ್ರೆ ಅದು 5 ಸೆಕೆಂಡ್. ಅದನ್ನ 30 ಮಾಡಿ. ಅದಕ್ಕಿಂತ ಜಾಸ್ತಿ ಗೂಗಲ್ ಕೊಡಲ್ಲ. ಕೆಳಗಡೆ ‘ಸೇವ್ ಚೇಂಜಸ್’ ಒತ್ತೋದು ಮಾತ್ರ ಮರೀಬೇಡಿ, ನಿಮ್ಮನ್ನ ನಾನು ಬಲ್ಲೆ.